ಅಮೆರಿಕದ ಟ್ರಕ್ ಕಂಪನಿಗಳಲ್ಲಿ ರ‍್ಯಾಂಡಮ್ ಡ್ರಗ್ ಟೆಸ್ಟ್: ಪಟ್ಟಿ ಕೈಗೆ ಬಂದ ಮೇಲೆ ಕಚೇರಿಯವರ ಕೆಲಸ

ಅಮೆರಿಕದ ಟ್ರಕ್ ಕಂಪನಿಯ ಕಚೇರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಒಂದು ಇಮೇಲ್ ಬರುತ್ತದೆ. ಅದರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ ಐದಾರು ಡ್ರೈವರ್‌ಗಳ ಹೆಸರು. ಇಷ್ಟು ಜನರನ್ನು ಡ್ರಗ್ ಟೆಸ್ಟ್‌ಗೆ ಕಳಿಸಿ, ಇವರಲ್ಲಿ ಒಬ್ಬರಿಗೆ ಮದ್ಯದ ಟೆಸ್ಟನ್ನೂ ಮಾಡಿಸಿ ಎಂಬ ಸೂಚನೆ. ಕೆಲಸ ಅಷ್ಟೇ ಅನ್ನಿಸುತ್ತದೆ. ಆದರೆ ಎಡವುವುದು ಇಲ್ಲೇ. ಇಮೇಲ್ ವಾರಗಟ್ಟಲೆ ಹಾಗೇ ಬಿದ್ದಿರುತ್ತದೆ. ಸೋಮವಾರದ ಟೆಸ್ಟಿನ ಸುದ್ದಿಯನ್ನು ಡಿಸ್ಪ್ಯಾಚರ್, ಅಂದರೆ ಡ್ರೈವರ್‌ಗಳಿಗೆ ಲೋಡ್ ಹಂಚುವವನು, ಶುಕ್ರವಾರವೇ ಡ್ರೈವರ್ ಕಿವಿಗೆ ಹಾಕಿರುತ್ತಾನೆ. ಅರ್ಜೆಂಟ್ ಲೋಡ್ ಇದೆ ಎಂದು ಇನ್ನೊಬ್ಬರ ಹೆಸರನ್ನು ಮುಂದಿನ ಸಲಕ್ಕೆ ದೂಡಿರುತ್ತಾರೆ. ಒಬ್ಬ ಡ್ರೈವರ್ ಕೂಡ ಕುಡಿಯದ ಕಂಪನಿಯೂ ಹೀಗೆ ಸರ್ಕಾರದ ಆಡಿಟ್‌ನಲ್ಲಿ ಸಿಕ್ಕಿಬೀಳಬಹುದು.

ಬೆಂಗಳೂರು, ಮೈಸೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಅಲ್ಲಿನ ಕಂಪನಿಗಳ ಡಿಸ್ಪ್ಯಾಚ್, ಕಾಗದಪತ್ರ ನೋಡಿಕೊಳ್ಳುವ ನಮ್ಮವರಿದ್ದಾರೆ. ಅಮೆರಿಕದಲ್ಲೇ ನೆಲೆಸಿ ಒಂದೆರಡು ಟ್ರಕ್ ಇಟ್ಟುಕೊಂಡವರೂ ಇದ್ದಾರೆ. ಇಬ್ಬರನ್ನೂ ಮನಸ್ಸಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಈ ಕಾನೂನು ಸುಮ್ನೆ ಬಂದದ್ದಲ್ಲ. 1987ರ ಜನವರಿಯಲ್ಲಿ ಮೇರಿಲ್ಯಾಂಡ್‌ನ ಚೇಸ್ ಎಂಬಲ್ಲಿ ಗೂಡ್ಸ್ ಎಂಜಿನ್‌ಗಳು ಸಿಗ್ನಲ್ ದಾಟಿ ಪ್ರಯಾಣಿಕರ ರೈಲಿನ ದಾರಿಗೆ ಬಂದವು. 16 ಜನ ಸತ್ತರು. ಎಂಜಿನ್ ಸಿಬ್ಬಂದಿ ಗಾಂಜಾ ಸೇದಿದ್ದರು. 1991ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನ ಸಬ್‌ವೇ ರೈಲು ಹಳಿ ತಪ್ಪಿ ಐವರು ಸತ್ತರು. ಮೋಟರ್‌ಮನ್ ಕುಡಿದಿದ್ದ. ಅದೇ ವರ್ಷ ಅಮೆರಿಕದ ಸಂಸತ್ತು ಸಾರಿಗೆ ನೌಕರರ ಪರೀಕ್ಷೆಯ ಕಾನೂನು ಮಾಡಿತು. ಟ್ರಕ್ ಮತ್ತು ಬಸ್‌ಗಳಿಗೆ ಇದನ್ನು ಜಾರಿ ಮಾಡುವುದು ಎಫ್‌ಎಂಸಿಎಸ್‌ಎ ಎಂಬ ಸಂಸ್ಥೆ. ಯಾರಿಗೆ, ಯಾವಾಗ ಟೆಸ್ಟ್ ಎನ್ನುವುದು ನಿಯಮಾವಳಿಯ 382ನೇ ಭಾಗದಲ್ಲಿದೆ. ಟೆಸ್ಟ್ ಹೇಗೆ ಮಾಡಬೇಕು ಎನ್ನುವುದು 40ನೇ ಭಾಗದಲ್ಲಿದೆ. ಈ ಎರಡು ನಂಬರ್ ನೆನಪಿಟ್ಟುಕೊಳ್ಳಿ. ಯಾವ ತಕರಾರು ಬಂದರೂ ಉತ್ತರ ಹುಡುಕಬೇಕಾದ್ದು ಅಲ್ಲೇ.

ಪಟ್ಟಿಯಲ್ಲಿ ಯಾರಿರಬೇಕು

ಸಿಡಿಎಲ್, ಅಂದರೆ ಕಮರ್ಷಿಯಲ್ ಲೈಸೆನ್ಸ್ ಬೇಕಾಗುವ ಗಾಡಿ ಓಡಿಸುವ ಎಲ್ಲರೂ ಇದರೊಳಗೆ ಬರುತ್ತಾರೆ. ಗಾಡಿಯ ತೂಕದ ಮಿತಿ 26,001 ಪೌಂಡ್ ಅಥವಾ ಜಾಸ್ತಿ ಇದ್ದರೆ, ಅಂದರೆ ಸುಮಾರು 11,800 ಕೆಜಿ ದಾಟಿದರೆ, ಅದು ಸಿಡಿಎಲ್ ಗಾಡಿ. ಟ್ರೈಲರ್ ಸೇರಿಸಿ ಈ ತೂಕ ಬರುತ್ತಿದ್ದರೆ ಟ್ರೈಲರ್ ಒಂದೇ 10,000 ಪೌಂಡ್ ಮೀರಿರಬೇಕು. ಡ್ರೈವರ್ ಸೇರಿ 16 ಜನ ಕೂರುವ ಬಸ್ಸು, ಅಪಾಯದ ಸರಕಿನ ಫಲಕ ಹಾಕಬೇಕಾದ ಗಾಡಿ, ಇವೂ ಸೇರುತ್ತವೆ. ರಾಜ್ಯದೊಳಗೇ ಓಡಿಸುತ್ತೇವೆ, ಗಡಿ ದಾಟುವುದಿಲ್ಲ ಎಂದರೂ ವಿನಾಯಿತಿ ಇಲ್ಲ.

ಬಿಟ್ಟುಹೋಗುವ ಹೆಸರುಗಳು ಯಾವಾಗಲೂ ಅವೇ. ವಾರಕ್ಕೊಮ್ಮೆ ಬರುವ ಪಾರ್ಟ್‌ಟೈಮ್ ಡ್ರೈವರ್. ರಿಪೇರಿ ಮಾಡಿ ರಸ್ತೆಯಲ್ಲಿ ಓಡಿಸಿ ನೋಡುವ ಮೆಕ್ಯಾನಿಕ್. ಡ್ರೈವರ್ ಕೈಕೊಟ್ಟ ದಿನ ತಾನೇ ಸ್ಟೀರಿಂಗ್ ಹಿಡಿಯುವ ಮಾಲೀಕ. ಇವರು ಸಿಡಿಎಲ್ ಗಾಡಿ ಓಡಿಸುವವರಾದರೆ ಹೆಸರು ಆರಿಸುವ ಪಟ್ಟಿಯಲ್ಲಿ, ಅಂದರೆ ಪೂಲ್‌ನಲ್ಲಿ, ಇರಲೇಬೇಕು. ಇದರ ತದ್ವಿರುದ್ಧ ತಪ್ಪೂ ನಡೆಯುತ್ತದೆ. ಸಣ್ಣ ವ್ಯಾನ್ ಓಡಿಸುವವರನ್ನು, ಕಚೇರಿಯ ಸಿಬ್ಬಂದಿಯನ್ನು ಇದೇ ಪೂಲ್‌ಗೆ ಸೇರಿಸಿಬಿಡುತ್ತಾರೆ. ಅವರ ಹೆಸರು ಬಂದಷ್ಟೂ ಟ್ರಕ್ ಡ್ರೈವರ್‌ಗಳ ಪಾಲಿನ ಟೆಸ್ಟ್ ಕಡಿಮೆಯಾಗುತ್ತದೆ. ಅವರನ್ನೂ ಪರೀಕ್ಷಿಸಬೇಕೆಂದರೆ ಕಂಪನಿಯ ಸ್ವಂತ ನಿಯಮದಡಿ, ಬೇರೆ ಪೂಲ್, ಬೇರೆ ಫಾರಂ ಇಟ್ಟುಕೊಳ್ಳಿ.

ಹೊಸ ಡ್ರೈವರ್ ಬಂದರೆ ಮೊದಲು ಡ್ರಗ್ ಟೆಸ್ಟ್ ನೆಗೆಟಿವ್ ಬರಬೇಕು, ಆಮೇಲೆ ಸ್ಟೀರಿಂಗ್. ಕಂಪನಿಯ ಡ್ರಗ್-ಮದ್ಯ ನೀತಿಯ ಪ್ರತಿ ಕೊಟ್ಟು, ಸಿಕ್ಕಿದೆ ಎಂದು ಸಹಿ ಹಾಕಿಸಿಕೊಳ್ಳಿ. ಆಡಿಟ್‌ನಲ್ಲಿ ಈ ಸಹಿಯನ್ನು ಕೇಳುತ್ತಾರೆ.

ಹೊಣೆ ಯಾರದು

ಪ್ರತಿ ಕಂಪನಿಯೂ ಡಿಇಆರ್ ಎಂದು ಒಬ್ಬರನ್ನು ನೇಮಿಸಬೇಕು. ಟೆಸ್ಟ್ ಫಲಿತಾಂಶ ಬರುವುದು ಇವರಿಗೆ. ಡ್ರೈವರ್‌ನನ್ನು ತಕ್ಷಣ ಕೆಲಸದಿಂದ ಇಳಿಸುವ ಅಧಿಕಾರವೂ ಇವರಿಗೆ ಇರಬೇಕು. ಇವರು ಕಂಪನಿಯ ನೌಕರರೇ ಆಗಿರಬೇಕು. ಹೊರಗಿನ ಏಜೆನ್ಸಿಯವರು ಡಿಇಆರ್ ಆಗುವಂತಿಲ್ಲ. ಬೆಂಗಳೂರಿನ ಬ್ಯಾಕ್ ಆಫೀಸ್‌ನವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ನೀವು ಗುತ್ತಿಗೆ ಕಂಪನಿಯ ಕಡೆಯವರಾದರೆ ಕಡತ ಜೋಡಿಸಬಹುದು, ದಿನಾಂಕ ನೆನಪಿಸಬಹುದು, ಟೆಸ್ಟ್‌ಗೆ ಮಾದರಿ ತೆಗೆದುಕೊಳ್ಳುವ ಕಲೆಕ್ಷನ್ ಸೆಂಟರ್ ಹುಡುಕಿಕೊಡಬಹುದು. ಆದರೆ ಪಾಸಿಟಿವ್ ಬಂದ ಡ್ರೈವರ್ ಬಗ್ಗೆ ತೀರ್ಮಾನ ತೆಗೆದುಕೊಳ್ಳುವ ಕುರ್ಚಿಯಲ್ಲಿ ನೀವು ಕೂರುವಂತಿಲ್ಲ. ಕ್ಲೈಂಟ್ 'ನೀವೇ ನೋಡ್ಕೊಳ್ಳಿ' ಎಂದರೂ ಒಪ್ಪಬೇಡಿ.

ಹೆಸರು ಆರಿಸುವುದು, ಲ್ಯಾಬ್, ವೈದ್ಯರು, ಇದನ್ನೆಲ್ಲ ಕನ್ಸಾರ್ಟಿಯಂ ಎಂಬ ಮಧ್ಯವರ್ತಿ ಸಂಸ್ಥೆಗಳು ನಡೆಸಿಕೊಡುತ್ತವೆ. ಒಂದೇ ಟ್ರಕ್ ಇಟ್ಟುಕೊಂಡು ತಾನೇ ಓಡಿಸುವ ಮಾಲೀಕನಿಗಂತೂ ಕನ್ಸಾರ್ಟಿಯಂ ಸೇರುವುದು ಕಡ್ಡಾಯ. ತನ್ನ ಹೆಸರನ್ನು ತಾನೇ ಆರಿಸಿಕೊಂಡರೆ ಅದು ರ‍್ಯಾಂಡಮ್ ಹೇಗಾದೀತು ಅಲ್ವಾ? ಆದರೆ ಕನ್ಸಾರ್ಟಿಯಂ ತಪ್ಪು ಮಾಡಿದರೂ ಉತ್ತರ ಕೊಡಬೇಕಾದವರು ಕಂಪನಿಯವರೇ. 'ಅವರನ್ನು ನಂಬಿದ್ದೆವು' ಎಂಬ ಸಮಜಾಯಿಷಿ ನಡೆಯುವುದಿಲ್ಲ ಎಂದು 40ನೇ ಭಾಗ ಬಿಡಿಸಿ ಹೇಳುತ್ತದೆ.

ಸೂಪರ್‌ವೈಸರ್‌ಗಳಿಗೂ ತರಬೇತಿ ಬೇಕು: ಮದ್ಯದ ಲಕ್ಷಣಗಳ ಬಗ್ಗೆ 60 ನಿಮಿಷ, ಡ್ರಗ್ಸ್ ಬಗ್ಗೆ 60 ನಿಮಿಷ. ಇದು ಅನುಮಾನ ಬಂದಾಗ ಮಾಡಿಸುವ ಟೆಸ್ಟ್‌ಗೆ ಬೇಕಾದದ್ದು, ರ‍್ಯಾಂಡಮ್‌ಗೆ ಅಲ್ಲ. ಆದರೂ ಸರ್ಟಿಫಿಕೇಟ್ ಕಡತದಲ್ಲಿರಲಿ.

ಕ್ಲಿಯರಿಂಗ್‌ಹೌಸ್

2020ರ ಜನವರಿ 6ರಿಂದ ಕ್ಲಿಯರಿಂಗ್‌ಹೌಸ್ ಎಂಬ, ಡ್ರೈವರ್‌ಗಳ ಡ್ರಗ್-ಮದ್ಯ ಉಲ್ಲಂಘನೆಗಳ ಕೇಂದ್ರ ದಾಖಲೆ ವ್ಯವಸ್ಥೆ ನಡೆಯುತ್ತಿದೆ. ಅದಕ್ಕೂ ಮುಂಚೆ ಒಂದು ಕಂಪನಿಯಲ್ಲಿ ಪಾಸಿಟಿವ್ ಬಂದ ಡ್ರೈವರ್ ಸುದ್ದಿ ಮುಚ್ಚಿಟ್ಟು ಇನ್ನೊಂದು ಕಂಪನಿ ಸೇರುವುದು ಸುಲಭವಿತ್ತು. ಈಗ ಹಾಗಿಲ್ಲ.

ಡ್ರೈವರ್‌ನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಅದರಲ್ಲಿ ಅವನ ದಾಖಲೆಯ ಪೂರ್ತಿ ವಿಚಾರಣೆ (ಕ್ವೆರಿ) ಮಾಡಬೇಕು. ಅದಕ್ಕೆ ಡ್ರೈವರ್ ಆನ್‌ಲೈನ್‌ನಲ್ಲೇ ಒಪ್ಪಿಗೆ ಕೊಡಬೇಕು. ಆಮೇಲೆ ವರ್ಷಕ್ಕೆ ಒಂದು ಸಲವಾದರೂ ಸೀಮಿತ ವಿಚಾರಣೆ. ಇದಕ್ಕೆ ಕಾಗದದ ಮೇಲಿನ ಒಪ್ಪಿಗೆ ಸಾಕು. ಸೀಮಿತ ವಿಚಾರಣೆಯಲ್ಲಿ 'ಮಾಹಿತಿ ಇದೆ' ಎಂದು ಬಂದರೆ 24 ಗಂಟೆಯೊಳಗೆ ಪೂರ್ತಿ ವಿಚಾರಣೆ ಮುಗಿಸಬೇಕು. ಆಗಲಿಲ್ಲ ಎಂದರೆ ಡ್ರೈವರ್ ಟ್ರಕ್ ಹತ್ತುವಂತಿಲ್ಲ. ಒಂದು ವಿಚಾರಣೆಗೆ 1.25 ಡಾಲರ್. ವಿಚಾರಣೆ ಮಾಡುವ ಕೆಲಸವನ್ನು ಕನ್ಸಾರ್ಟಿಯಂಗೆ ವಹಿಸಬಹುದು. ಆದರೆ ಹಣ ಕಟ್ಟಿ ಪ್ಲಾನ್ ಕೊಳ್ಳಬೇಕಾದ್ದು ಕಂಪನಿಯೇ. ಎಷ್ಟೋ ಸಣ್ಣ ಕಂಪನಿಗಳ ಖಾತೆಯಲ್ಲಿ ಹಣ ಮುಗಿದು ವಾರ್ಷಿಕ ವಿಚಾರಣೆ ನಿಂತುಹೋಗಿರುತ್ತದೆ. ತಿಂಗಳಿಗೊಮ್ಮೆ ಖಾತೆ ತೆರೆದು ನೋಡಿ.

2024ರ ನವೆಂಬರ್ 18ರಿಂದ ಇನ್ನೊಂದು ಬಿಗಿ ಬಂದಿದೆ. ಕ್ಲಿಯರಿಂಗ್‌ಹೌಸ್‌ನಲ್ಲಿ 'ನಿಷಿದ್ಧ' ಎಂದಿರುವ ಡ್ರೈವರ್‌ನ ಕಮರ್ಷಿಯಲ್ ಲೈಸೆನ್ಸನ್ನು ರಾಜ್ಯ ಸರ್ಕಾರವೇ ಕೆಳದರ್ಜೆಗೆ ಇಳಿಸಬೇಕು.

ಲೆಕ್ಕ ಹಾಕುವುದು

ಈಗಿನ ದರ ಹೀಗಿದೆ: ವರ್ಷಕ್ಕೆ ಡ್ರೈವರ್‌ಗಳ ಸರಾಸರಿ ಸಂಖ್ಯೆಯ 50 ಶೇಕಡಾದಷ್ಟು ಡ್ರಗ್ ಟೆಸ್ಟ್, 10 ಶೇಕಡಾದಷ್ಟು ಮದ್ಯದ ಟೆಸ್ಟ್. ಡ್ರಗ್ ಟೆಸ್ಟ್ ದರ 25 ಇತ್ತು. 2020ರಿಂದ 50ಕ್ಕೆ ಏರಿದೆ.

ಸರಾಸರಿ ಎಂಬ ಮಾತನ್ನು ಗಮನಿಸಿ. ನಾಲ್ಕು ತ್ರೈಮಾಸಿಕಗಳಲ್ಲಿ ನಿಮ್ಮಲ್ಲಿ 38, 44, 42, 36 ಡ್ರೈವರ್‌ಗಳಿದ್ದರು ಅಂದುಕೊಳ್ಳಿ. ಒಟ್ಟು 160. ನಾಲ್ಕರಿಂದ ಭಾಗಿಸಿದರೆ 40. ಹಾಗಾದರೆ ವರ್ಷಕ್ಕೆ 20 ಡ್ರಗ್ ಟೆಸ್ಟ್, 4 ಮದ್ಯದ ಟೆಸ್ಟ್ ಆಗಬೇಕು. ಒಂಬತ್ತು ಡ್ರೈವರ್‌ಗಳಿದ್ದರೆ ನಾಲ್ಕೂವರೆ ಬರುತ್ತದೆ. ಆಗ ಐದು ಮಾಡಿ. ಇನ್ನೊಂದು ಮಾತು: ಲೆಕ್ಕಕ್ಕೆ ಬರುವುದು ಮುಗಿದ ಟೆಸ್ಟ್‌ಗಳು, ಆರಿಸಿದ ಹೆಸರುಗಳಲ್ಲ. 20 ಹೆಸರು ಬಂದು 16 ಜನ ಮಾತ್ರ ಟೆಸ್ಟ್ ಮಾಡಿಸಿಕೊಂಡಿದ್ದರೆ ನಿಮ್ಮ ವರ್ಷ ಕೊರತೆಯಲ್ಲಿ ಮುಗಿಯುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲೇ ಎಣಿಸಿ ನೋಡಿ. ಕಡಿಮೆ ಇದ್ದರೆ ಕೊನೆಯ ಸುತ್ತಿನಲ್ಲಿ ಜಾಸ್ತಿ ಹೆಸರು ಆರಿಸಲು ಹೇಳಿ. ಇಡೀ ವರ್ಷದ ಟೆಸ್ಟನ್ನು ಡಿಸೆಂಬರ್‌ಗೆ ತುರುಕುವುದು ಮಾತ್ರ ಬೇಡ. ಟೆಸ್ಟ್‌ಗಳು ವರ್ಷವಿಡೀ ಹಂಚಿಕೊಂಡಿರಬೇಕು ಎಂಬುದೂ ನಿಯಮವೇ.

ಆಯ್ಕೆ ಚೀಟಿ ಎತ್ತಿದ ಹಾಗೆ, ಆದರೆ ಎತ್ತಿದ ಚೀಟಿ ಪ್ರತಿ ಸಲವೂ ವಾಪಸ್ ಡಬ್ಬಿಗೆ ಬೀಳುತ್ತದೆ. ಹೋದ ಸಲ ಹೆಸರು ಬಂದವನಿಗೆ ಈ ಸಲವೂ ಎಲ್ಲರಷ್ಟೇ ಅವಕಾಶ. ಒಬ್ಬನೇ ವರ್ಷಕ್ಕೆ ಮೂರು ಸಲ ಬರಬಹುದು. ಇನ್ನೊಬ್ಬ ಎರಡು ವರ್ಷ ಬರದೇ ಇರಬಹುದು. ಡ್ರೈವರ್‌ಗಳಿಗೆ ಇದು ಅನ್ಯಾಯ ಅನ್ನಿಸುತ್ತದೆ, 'ನನ್ನ ಮೇಲೇ ಯಾಕೆ ಕಣ್ಣು' ಎಂದು ಕೇಳುತ್ತಾರೆ. ಸಿಟ್ಟಾಗಬೇಡಿ, ಕೂರಿಸಿಕೊಂಡು ವಿವರಿಸಿ. ಟೆಸ್ಟ್ ಮುಗಿಸಿದವನಿಗೆ ಮತ್ತೆ ಬರುವುದಿಲ್ಲ ಎಂಬ ಧೈರ್ಯ ಸಿಕ್ಕರೆ ಈ ವ್ಯವಸ್ಥೆಯೇ ಸತ್ತ ಹಾಗೆ. ನಿಜವಾಗಿ ಕಾಗದದ ಚೀಟಿ ಬಳಸಬೇಡಿ. ಕಂಪ್ಯೂಟರ್ ಆರಿಸಬೇಕು ಅಥವಾ ರ‍್ಯಾಂಡಮ್ ನಂಬರ್ ಪಟ್ಟಿಯಿಂದ ಆರಿಸಬೇಕು, ನೌಕರರ ಗುರುತಿನ ಸಂಖ್ಯೆಗೆ ಹೊಂದಿಸಿ.

ಪ್ರತಿ ಸುತ್ತಿಗೆ ಮೊದಲು ಕನ್ಸಾರ್ಟಿಯಂಗೆ ಹೊಸ ಪಟ್ಟಿ ಕಳಿಸಿ. ಆರು ತಿಂಗಳ ಹಿಂದೆ ಬಿಟ್ಟುಹೋದವನ ಹೆಸರು ಆರಿಸಿ ಬಂದರೆ ಆ ಆಯ್ಕೆ ವ್ಯರ್ಥ. ದೊಡ್ಡ ಕನ್ಸಾರ್ಟಿಯಂ ಪೂಲ್‌ನಲ್ಲಿದ್ದರೆ ನಿಮ್ಮ ಇಬ್ಬರು ಡ್ರೈವರ್‌ಗಳ ಹೆಸರು ಇಡೀ ವರ್ಷ ಬರದಿರಬಹುದು. ದರ ಇಡೀ ಪೂಲ್‌ಗೆ ಸೇರಿ ಲೆಕ್ಕವಾಗುವುದರಿಂದ ಅದು ತಪ್ಪಲ್ಲ. ಆದರೆ ಪೂಲ್‌ನಲ್ಲಿ ನೀವಿದ್ದಿರಿ, ಪೂಲ್ ದರ ಮುಟ್ಟಿದೆ ಎಂಬ ಪತ್ರ ಅವರಿಂದ ತೆಗೆದಿಟ್ಟುಕೊಳ್ಳಿ.

ಡ್ರೈವರ್‌ಗೆ ಹೇಳುವ ಗಳಿಗೆ

ಇಡೀ ವ್ಯವಸ್ಥೆ ನಿಂತಿರುವುದು ಈ ಕೆಲವು ಗಂಟೆಗಳ ಮೇಲೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪಟ್ಟಿ ಬಂದಾಗ ಅದನ್ನು ನೋಡುವವರು ಒಬ್ಬರು, ಹೆಚ್ಚೆಂದರೆ ಇಬ್ಬರು ಇರಬೇಕು. ಪ್ರಿಂಟ್ ತೆಗೆದು ಮೇಜಿನ ಮೇಲೆ ಬಿಡಬೇಡಿ. ಡಿಸ್ಪ್ಯಾಚರ್‌ಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ. ಮುಂದಿನ ಆಯ್ಕೆ ನಡೆಯುವುದರೊಳಗೆ ಎಲ್ಲರ ಟೆಸ್ಟ್ ಮುಗಿಯಬೇಕು. ಆದರೆ ಎಲ್ಲರನ್ನೂ ಒಂದೇ ದಿನ ಕಳಿಸಬೇಕೆಂದೇನಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಲ್ಲಿ ಕಳಿಸಿ. ಯಾವಾಗಲೂ ಮಂಗಳವಾರ ಬೆಳಿಗ್ಗೆ ಎಂದು ಮಾಡಿಕೊಂಡರೆ ಡ್ರೈವರ್‌ಗಳು ಎರಡೇ ಸುತ್ತಿನಲ್ಲಿ ಕಂಡುಹಿಡಿಯುತ್ತಾರೆ.

ಡ್ರೈವರ್ ಎಲ್ಲಿದ್ದಾನೆ ಎಂದು ಮೊದಲು ನೋಡಿ. ಟೆಕ್ಸಾಸ್ ಕಂಪನಿಯ ಡ್ರೈವರ್ ಒಹಾಯೊದಲ್ಲಿರಬಹುದು. ವಾಪಸ್ ಬರುವವರೆಗೆ ಕಾಯಬೇಕಿಲ್ಲ. ಅವನು ಸರಕು ಇಳಿಸುವ ಜಾಗದ ಹತ್ತಿರದ ಕಲೆಕ್ಷನ್ ಸೆಂಟರ್ ಹುಡುಕಿ, ಅವರು ಟ್ರಕ್ ಡ್ರೈವರ್‌ಗಳ ಫೆಡರಲ್ ಟೆಸ್ಟ್ ಮಾಡುತ್ತಾರಾ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತಾರೆ, ಟ್ರಕ್ ನಿಲ್ಲಿಸಲು ಜಾಗವಿದೆಯಾ ಎಂದು ಫೋನ್ ಮಾಡಿ ಕೇಳಿ. ಈ ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಊರ ಮಧ್ಯದ ಕ್ಲಿನಿಕ್ ಮುಂದೆ 53 ಅಡಿಯ ಟ್ರೈಲರ್ ತಂದು ಡ್ರೈವರ್ ಏನು ಮಾಡಬೇಕು? ಸುತ್ತಿ ಸುತ್ತಿ ಹೊರಟುಹೋದರೆ ಅದು ಟೆಸ್ಟ್ ನಿರಾಕರಣೆಯ ತಕರಾರಾಗಿ ಕೂರುತ್ತದೆ. ಲೋಡ್ ಇಳಿಸಿದ ಮೇಲೆ, ಟ್ರೈಲರ್ ಬಿಟ್ಟು ಬರುವ ಹಾಗಿದ್ದಾಗ ಹೇಳುವುದು ಒಳ್ಳೆಯದು.

ಇಷ್ಟೆಲ್ಲ ಸಿದ್ಧವಾದ ಮೇಲೆಯೇ ಡ್ರೈವರ್‌ಗೆ ಹೇಳಿ. ಓಡಿಸುತ್ತಿರುವಾಗ ಫೋನ್ ಬೇಡ, ನಿಲ್ಲಿಸಿದಾಗ ಮಾಡಿ. ಮಾತು ಚಿಕ್ಕದಾಗಿರಲಿ: ರ‍್ಯಾಂಡಮ್ ಟೆಸ್ಟ್‌ಗೆ ನಿಮ್ಮ ಹೆಸರು ಬಂದಿದೆ, ವಿಳಾಸ ಇದು, ಈಗಲೇ ಹೊರಡಿ. ಹೇಳಿದ ಸಮಯ ಬರೆದುಕೊಳ್ಳಿ. ಅವನು ಸೆಂಟರ್ ತಲುಪಿದ ಸಮಯವನ್ನೂ ಕೇಳಿ ಬರೆದುಕೊಳ್ಳಿ. ಈ ಎರಡರ ನಡುವಿನ ಅಂತರ ಪ್ರಯಾಣಕ್ಕೆ ಬೇಕಾದಷ್ಟೇ ಇರಬೇಕು. 10.05ಕ್ಕೆ ಹೇಳಿ, ಅರ್ಧ ಗಂಟೆಯ ದಾರಿಗೆ 10.40ಕ್ಕೆ ತಲುಪಿದರೆ ಸರಿ. ಮಧ್ಯಾಹ್ನ ಮೂರಕ್ಕೆ ತಲುಪಿದರೆ ಕಾರಣ ಬೇಕು. ಹೋಗಿ ಬರುವ ಹೊತ್ತು, ಟೆಸ್ಟ್ ಹೊತ್ತು ಎಲ್ಲವೂ ಡ್ಯೂಟಿ ಲೆಕ್ಕಕ್ಕೇ ಸೇರುತ್ತದೆ. ಡ್ರೈವರ್ ತನ್ನ ಲಾಗ್‌ನಲ್ಲಿ ಅದನ್ನು ಆನ್-ಡ್ಯೂಟಿ ಎಂದೇ ಹಾಕಬೇಕು. ಡ್ರೈವಿಂಗ್ ಗಂಟೆ ಮುಗಿಯುತ್ತಾ ಬಂದವನನ್ನು ಕಳಿಸುವ ಮೊದಲು ಇದನ್ನು ಯೋಚಿಸಿ.

ಮದ್ಯದ ಟೆಸ್ಟ್‌ಗೆ ಇನ್ನೊಂದು ಮಿತಿ ಇದೆ. ಡ್ರೈವಿಂಗ್‌ನಂಥ ಕೆಲಸಕ್ಕೆ ಸ್ವಲ್ಪ ಮುಂಚೆ, ಕೆಲಸದ ನಡುವೆ ಅಥವಾ ಮುಗಿದ ಕೂಡಲೇ ಮಾತ್ರ ಮಾಡಿಸಬಹುದು. ರಜೆಯಲ್ಲಿ ಮನೆಯಲ್ಲಿರುವವನನ್ನು ಮದ್ಯದ ಟೆಸ್ಟ್‌ಗೆ ಕರೆಯುವಂತಿಲ್ಲ.

ರಜೆ, ಕಾಯಿಲೆ ಎಂದು ಡ್ರೈವರ್ ಸಿಗದಿದ್ದರೆ ಎರಡು ದಾರಿ. ಗುಟ್ಟು ಬಿಟ್ಟುಕೊಡದೆ, ಅವನು ವಾಪಸ್ ಬಂದ ಮೇಲೆ ಕಳಿಸುವುದು. ಅಥವಾ ಬೇರೆ ಹೆಸರನ್ನು ಆರಿಸಿಕೊಳ್ಳುವುದು, ಅದನ್ನೂ ಅದೇ ರ‍್ಯಾಂಡಮ್ ವಿಧಾನದಲ್ಲೇ. ಕಾರಣ, ದಿನಾಂಕ, ಸಹಿ ಬರೆದಿಡಿ. 'ಲೋಡ್ ಇತ್ತು' ಎಂಬುದು ಕಾರಣವಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ನಿಯಮದಲ್ಲಿ ಅತಿ ಹೆಚ್ಚು ಒತ್ತಡ ಬೀಳುವ ಜಾಗ ಇದೇ. ಮಾಲೀಕ, ಗಿರಾಕಿ, ಡಿಸ್ಪ್ಯಾಚರ್ ಎಲ್ಲರಿಗೂ ಆ ಟ್ರಕ್ ಬೇಕು. ಬೇಡ ಎನ್ನುವ ಅಧಿಕಾರ ಡಿಇಆರ್‌ಗೆ ಬರವಣಿಗೆಯಲ್ಲೇ ಇರಲಿ.

ಸೆಂಟರ್‌ನಲ್ಲಿ ನಡೆಯುವುದು

ಒಳಗೆ ಏನಾಗುತ್ತದೆ ಎಂದು ಕಚೇರಿಯವರಿಗೂ ತಿಳಿದಿರಬೇಕು, ಡ್ರೈವರ್‌ಗೂ ಮೊದಲೇ ಹೇಳಿರಬೇಕು. ಗುರುತಿನ ಚೀಟಿ ತೋರಿಸಿ, ಜಾಕೆಟ್ ಟೋಪಿ ತೆಗೆದು, ಜೇಬು ಖಾಲಿ ಮಾಡಿ, ಕೈ ತೊಳೆಯಬೇಕು. ಟಾಯ್ಲೆಟ್‌ನ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಅಲ್ಲಿಂದ ನೀರು ಬೆರೆಸಬಾರದು ಎಂದು. ಕನಿಷ್ಠ 45 ಮಿಲಿ ಮೂತ್ರ ಬೇಕು. ಕೊಟ್ಟ ನಾಲ್ಕು ನಿಮಿಷದೊಳಗೆ ಕಲೆಕ್ಟರ್ ಲೋಟಕ್ಕೆ ಅಂಟಿಸಿದ ಪಟ್ಟಿಯಲ್ಲಿ ಉಷ್ಣತೆ ನೋಡುತ್ತಾರೆ. ಅದು 32ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಇಲ್ಲದಿದ್ದರೆ ಕೂಡಲೇ ಎರಡನೇ ಸಲ, ಈ ಬಾರಿ ಅದೇ ಲಿಂಗದ ಒಬ್ಬರು ಎದುರಿಗೆ ನಿಂತು ನೋಡುತ್ತಿರುವಾಗ ಕೊಡಬೇಕು.

ಮಾದರಿಯನ್ನು ಎರಡು ಬಾಟಲಿಗೆ ಹಂಚುತ್ತಾರೆ. ಒಂದರಲ್ಲಿ 30 ಮಿಲಿ, ಇನ್ನೊಂದರಲ್ಲಿ 15. ಡ್ರೈವರ್ ಕಣ್ಣೆದುರೇ ಸೀಲ್ ಮಾಡಿ, ಸೀಲ್ ಮೇಲೆ ಅವನ ಕೈಯಿಂದಲೇ ಇನಿಷಿಯಲ್ ಹಾಕಿಸುತ್ತಾರೆ. ಈ ಎರಡನೇ ಬಾಟಲಿ ಡ್ರೈವರ್‌ನ ರಕ್ಷಣೆಗೆ ಇರುವುದು. ಪಾಸಿಟಿವ್ ಎಂದು ತಿಳಿಸಿದ 72 ಗಂಟೆಯೊಳಗೆ ಅವನು ಕೇಳಿಕೊಂಡರೆ ಅದನ್ನು ಬೇರೆ ಲ್ಯಾಬ್‌ನಲ್ಲಿ ಪರೀಕ್ಷಿಸಬೇಕು. ಈ ಹಕ್ಕು ಗೊತ್ತಿಲ್ಲದ ಡ್ರೈವರ್‌ಗಳಿದ್ದಾರೆ. ನೀವೇ ಹೇಳಿಕೊಡಿ.

ಮೂತ್ರ ಬರದಿದ್ದರೆ ಮೂರು ಗಂಟೆಯವರೆಗೆ ಸಮಯ ಕೊಡುತ್ತಾರೆ. ಆ ಹೊತ್ತಿನಲ್ಲಿ 40 ಔನ್ಸ್, ಅಂದರೆ ಸುಮಾರು 1.2 ಲೀಟರ್‌ವರೆಗೆ ನೀರು ಕುಡಿಯಬಹುದು. ಬೇಸರವಾಗಿ ಎದ್ದು ಹೋದರೆ ನಿರಾಕರಣೆ ಎಂದೇ ಲೆಕ್ಕ, ಮತ್ತು ನಿರಾಕರಣೆಗೂ ಪಾಸಿಟಿವ್‌ನಷ್ಟೇ ತೂಕ. 'ಲೋಡ್ ತಡವಾಗುತ್ತಿದೆ, ಹೊರಟು ಬಾ' ಎಂದು ಡಿಸ್ಪ್ಯಾಚರ್ ಫೋನ್ ಮಾಡಿದರೆ ಹಾಳಾಗುವುದು ಡ್ರೈವರ್‌ನ ಅನ್ನ.

ಮದ್ಯಕ್ಕೆ ಉಸಿರಿನ ಯಂತ್ರ. 0.02ಕ್ಕಿಂತ ಕಡಿಮೆ ಬಂದರೆ ನೆಗೆಟಿವ್. 0.02 ಅಥವಾ ಜಾಸ್ತಿ ಬಂದರೆ ಕನಿಷ್ಠ 15 ನಿಮಿಷ ಕಾದು ದೃಢೀಕರಣ ಟೆಸ್ಟ್ ಮಾಡುತ್ತಾರೆ. ಆ ಹೊತ್ತಿನಲ್ಲಿ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. 0.02ರಿಂದ 0.039 ಬಂದರೆ ಕನಿಷ್ಠ 24 ಗಂಟೆ ಡ್ರೈವಿಂಗ್ ಇಲ್ಲ. 0.04 ಮುಟ್ಟಿದರೆ ಉಲ್ಲಂಘನೆ. ನಮ್ಮ ದೇಶದ ಲೆಕ್ಕಕ್ಕೆ ಇಳಿಸಿದರೆ 0.04 ಅಂದರೆ 100 ಮಿಲಿ ರಕ್ತದಲ್ಲಿ 40 ಮಿಲಿಗ್ರಾಂ. ಭಾರತದ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಮಿತಿ 30. ಅಂಕಿ ನೋಡಿದರೆ ನಮ್ಮದೇ ಬಿಗಿ. ಆದರೆ ಅಲ್ಲಿ ಡ್ಯೂಟಿಗೆ ಮುಂಚಿನ ನಾಲ್ಕು ಗಂಟೆ ಒಂದು ಗುಟುಕೂ ಕುಡಿಯುವಂತಿಲ್ಲ.

ಗಸಗಸೆ, ಕೆಮ್ಮಿನ ಔಷಧ, ಭಂಗಿ

ಲ್ಯಾಬ್ ಹುಡುಕುವುದು ಐದು ಗುಂಪು: ಗಾಂಜಾ, ಕೊಕೇನ್, ಆ್ಯಂಫೆಟಮಿನ್‌ಗಳು, ಓಪಿಯಾಯ್ಡ್‌ಗಳು, ಪಿಸಿಪಿ. 2018ರಿಂದ ಆಕ್ಸಿಕೊಡೋನ್, ಹೈಡ್ರೊಕೊಡೋನ್‌ನಂಥ ನೋವಿನ ಮಾತ್ರೆಗಳೂ ಓಪಿಯಾಯ್ಡ್ ಗುಂಪಿಗೆ ಸೇರಿವೆ.

ನಮ್ಮವರು ಕೇಳುವ ಪ್ರಶ್ನೆ ಗಸಗಸೆ ಪಾಯಸದ್ದು. ಗಸಗಸೆ ಅಫೀಮಿನ ಗಿಡದ್ದೇ ಬೀಜ. ತಿಂದರೆ ಮೂತ್ರದಲ್ಲಿ ಮಾರ್ಫಿನ್, ಕೊಡೀನ್ ಕಾಣಿಸಿಕೊಳ್ಳಬಹುದು. ಈ ಕಾರಣಕ್ಕೇ 1998ರಲ್ಲಿ ಪಾಸಿಟಿವ್ ಎನ್ನುವ ಗೆರೆಯನ್ನು ಮಿಲಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಿದರು. ಗೆರೆ ದಾಟಿದರೂ 15,000 ಮುಟ್ಟದಿದ್ದರೆ, ಅಕ್ರಮವಾಗಿ ಅಫೀಮು ಪದಾರ್ಥ ಬಳಸಿದ್ದಕ್ಕೆ ವೈದ್ಯಕೀಯ ಪುರಾವೆ ಇಲ್ಲದೆ ಎಂಆರ್‌ಓ, ಅಂದರೆ ಲ್ಯಾಬ್ ಫಲಿತಾಂಶ ಪರಿಶೀಲಿಸುವ ವೈದ್ಯರು, ಪಾಸಿಟಿವ್ ಎನ್ನುವಂತಿಲ್ಲ. 15,000 ಮುಟ್ಟಿದರೆ ಗಸಗಸೆಯ ಕಾರಣ ನಡೆಯುವುದಿಲ್ಲ. ಇಷ್ಟು ರಕ್ಷಣೆ ಇದ್ದರೂ ಡ್ರೈವಿಂಗ್ ಕೆಲಸದಲ್ಲಿರುವವರು ಡ್ಯೂಟಿ ದಿನಗಳ ಹತ್ತಿರ ಗಸಗಸೆ ಬಿಟ್ಟರೇ ಒಳ್ಳೆಯದು. ಹಬ್ಬಕ್ಕೆ ಹೆಸರುಬೇಳೆ ಪಾಯಸ ಮಾಡಿದರಾಯಿತು.

ಊರಿಂದ ತಂದ ಕೊಡೀನ್ ಇರುವ ಕೆಮ್ಮಿನ ಸಿರಪ್ ಬೇರೆ ವಿಷಯ. ಬೇರೆ ದೇಶದಲ್ಲಿ ಕಾನೂನುಬದ್ಧವಾಗಿ ಪಡೆದು, ಸರಿಯಾದ ಕಾಯಿಲೆಗೇ ಬಳಸಿದ ಔಷಧವನ್ನು ಎಂಆರ್‌ಓ ಒಪ್ಪಬಹುದು. ಅದಕ್ಕೆ ವೈದ್ಯರ ಚೀಟಿ, ಅಂಗಡಿಯ ಬಿಲ್ಲು ಬೇಕು. ಅಮ್ಮ ಕೊಟ್ಟು ಕಳಿಸಿದ್ದು, ಅಣ್ಣನಿಗೆ ಬರೆದುಕೊಟ್ಟದ್ದು ಎಂದರೆ ಆಗುವುದಿಲ್ಲ.

ಹೋಳಿಯ ಭಂಗಿಗೆ ಯಾವ ರಕ್ಷಣೆಯೂ ಇಲ್ಲ. ನಾವಿರುವ ಅಮೆರಿಕದ ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ, ಡಾಕ್ಟರೇ ಕಾರ್ಡ್ ಕೊಟ್ಟಿದ್ದಾರೆ ಎಂಬ ಮಾತೂ ಎಂಆರ್‌ಓ ಮುಂದೆ ನಡೆಯುವುದಿಲ್ಲ. ಸಿಬಿಡಿ ಎಣ್ಣೆ ಹಚ್ಚಿದ್ದೆ, ನುಂಗಿದ್ದೆ ಎಂದರೂ ಅಷ್ಟೇ. ಸಿಬಿಡಿ ಎಂದು ಮಾರುವ ಬಾಟಲಿಯೊಳಗೆ ಗಾಂಜಾದ ಅಂಶ ಎಷ್ಟಿದೆ ಎಂದು ಲೇಬಲ್ ನೋಡಿ ನಂಬುವಂತಿಲ್ಲ.

ಫಲಿತಾಂಶ ಬಂದ ಮೇಲೆ

ಲ್ಯಾಬ್ ಫಲಿತಾಂಶ ನೇರ ಕಂಪನಿಗೆ ಬರುವುದಿಲ್ಲ. ಎಂಆರ್‌ಓ ಎಂಬ ಸ್ವತಂತ್ರ ವೈದ್ಯರ ಹತ್ತಿರ ಹೋಗುತ್ತದೆ. ಲ್ಯಾಬ್‌ನಲ್ಲಿ ಪಾಸಿಟಿವ್ ಬಂದಿದ್ದರೆ ಅವರು ಮೊದಲು ಡ್ರೈವರ್ ಜೊತೆ ಗುಟ್ಟಾಗಿ ಮಾತಾಡುತ್ತಾರೆ. ಗೊತ್ತಿಲ್ಲದ ನಂಬರ್ ಎಂದು ಡ್ರೈವರ್ ಫೋನ್ ಎತ್ತದೇ ಇರುವುದು ಮಾಮೂಲು. ಎಂಆರ್‌ಓಗೆ ಸಿಗದಿದ್ದರೆ ಅವರು ಡಿಇಆರ್‌ಗೆ ಹೇಳುತ್ತಾರೆ. ಡಿಇಆರ್ ಹೇಳಿದ ಮೇಲೂ 72 ಗಂಟೆಯೊಳಗೆ ಡ್ರೈವರ್ ಕರೆ ಮಾಡದಿದ್ದರೆ ಮಾತುಕತೆ ಇಲ್ಲದೇ ಪಾಸಿಟಿವ್ ಎಂದು ದಾಖಲಾಗಬಹುದು. ಚೀಟಿ ಇದ್ದ ಔಷಧದ ಕಾರಣಕ್ಕೂ ಹೀಗೆ ಸಿಕ್ಕಿಬೀಳಬಾರದಲ್ಲ, ಅದಕ್ಕೇ ಟೆಸ್ಟ್‌ಗೆ ಕಳಿಸುವಾಗಲೇ 'ಒಂದು ವಾರ ಎಲ್ಲ ಕರೆಯನ್ನೂ ಎತ್ತಿ' ಎಂದು ಹೇಳಿ.

ಎಂಆರ್‌ಓ ತೀರ್ಮಾನ ಬರುವ ಮುಂಚೆ ಅನುಮಾನದ ಮೇಲೆ ಡ್ರೈವರ್‌ನನ್ನು ಕೂರಿಸುವಂತಿಲ್ಲ. ರ‍್ಯಾಂಡಮ್ ಟೆಸ್ಟ್ ಮುಗಿಸಿ ಬಂದವನು ಕೆಲಸಕ್ಕೆ ಹೋಗುತ್ತಾನೆ. ತೀರ್ಮಾನ ಪಾಸಿಟಿವ್ ಎಂದು ಬಂದ ಗಳಿಗೆಯಲ್ಲಿ ಮಾತ್ರ ತಡ ಮಾಡಬೇಡಿ. ಟ್ರಕ್ ಎಲ್ಲಿದ್ದರೂ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಬೇರೆ ಡ್ರೈವರ್ ಕಳಿಸಿ. 'ಈ ಒಂದು ಟ್ರಿಪ್ ಮುಗಿಸಲಿ' ಎಂದರೆ ಗೊತ್ತಿದ್ದೂ ಓಡಿಸಿದ ಹಾಗೆ. ಹೊಸ ಕಂಪನಿಗಳ ಸುರಕ್ಷತಾ ಆಡಿಟ್‌ನಲ್ಲಿ ಇದೊಂದೇ ಸಾಕು ಫೇಲ್ ಆಗಲು. ರ‍್ಯಾಂಡಮ್ ಕಾರ್ಯಕ್ರಮವೇ ಇಲ್ಲದಿರುವುದೂ ಹಾಗೆಯೇ.

ಡ್ರಗ್ ಪಾಸಿಟಿವನ್ನು ಎಂಆರ್‌ಓ ಕ್ಲಿಯರಿಂಗ್‌ಹೌಸ್‌ಗೆ ಹಾಕುತ್ತಾರೆ. 0.04 ಅಥವಾ ಜಾಸ್ತಿ ಮದ್ಯ, ಟೆಸ್ಟ್‌ಗೆ ಬಾರದೇ ನಿರಾಕರಿಸಿದ್ದು, ಇವನ್ನು ಕಂಪನಿಯೇ ಮೂರನೇ ಕೆಲಸದ ದಿನ ಮುಗಿಯುವುದರೊಳಗೆ ಹಾಕಬೇಕು.

ಡ್ರೈವರ್‌ನನ್ನು ಉಳಿಸಿಕೊಳ್ಳಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ತೆಗೆದುಹಾಕಿದರೂ ಎಸ್‌ಎಪಿ ಎಂಬ ವ್ಯಸನ ತಜ್ಞರ ಹೆಸರು, ವಿಳಾಸದ ಪಟ್ಟಿ ಕೊಟ್ಟೇ ಕಳಿಸಬೇಕು. ಎಸ್‌ಎಪಿ ನೋಡಿ, ಚಿಕಿತ್ಸೆಯೋ ತರಗತಿಯೋ ಮುಗಿದು, ಎದುರಿಗೇ ನಿಂತು ನೋಡುವ ಟೆಸ್ಟ್ ನೆಗೆಟಿವ್ ಬಂದ ಮೇಲೆ ವಾಪಸ್ ಬರಬಹುದು. ಆಮೇಲೆ ಮೊದಲ 12 ತಿಂಗಳಲ್ಲಿ ಕನಿಷ್ಠ ಆರು ಫಾಲೋ-ಅಪ್ ಟೆಸ್ಟ್. ಐದು ವರ್ಷದವರೆಗೂ ಹೋಗಬಹುದು. ಅವು ರ‍್ಯಾಂಡಮ್ ಟೆಸ್ಟ್‌ನಿಂದ ಬೇರೆ. ಒಂದನ್ನು ಇನ್ನೊಂದರ ಲೆಕ್ಕಕ್ಕೆ ಹಾಕಬೇಡಿ. ಈ ದಾರಿಯನ್ನು ಪೂರ್ತಿ ಮುಗಿಸಿ ಬಂದ ಡ್ರೈವರ್‌ಗೆ ಇನ್ನೊಂದು ಅವಕಾಶ ಕೊಡುವ ಕಂಪನಿಗಳ ಬಗ್ಗೆ ನನಗೆ ಗೌರವ ಇದೆ.

ಕಡತ

ಪಾಸಿಟಿವ್, ನಿರಾಕರಣೆ, 0.02 ಅಥವಾ ಜಾಸ್ತಿ ಮದ್ಯ, ಎಸ್‌ಎಪಿ ಕಾಗದ, ವಾರ್ಷಿಕ ಸಾರಾಂಶ ಇವನ್ನು ಐದು ವರ್ಷ ಇಟ್ಟುಕೊಳ್ಳಬೇಕು. ರ‍್ಯಾಂಡಮ್ ಆಯ್ಕೆಯ ಪಟ್ಟಿಗಳು, ಮಾದರಿ ತೆಗೆದ ಕಾಗದಗಳು ಎರಡು ವರ್ಷ. ನೆಗೆಟಿವ್ ಫಲಿತಾಂಶ ಒಂದು ವರ್ಷ. ಇದೆಲ್ಲ ಬೀಗ ಹಾಕಿದ ಕಡೆ, ಬೇರೆ ಸಿಬ್ಬಂದಿ ಕಡತಗಳಿಂದ ದೂರ ಇಡಿ. ಆನ್‌ಲೈನ್ ಆದರೆ ಪಾಸ್‌ವರ್ಡ್ ಎಲ್ಲರ ಹತ್ತಿರ ಇರಬಾರದು.

ಪ್ರತಿ ಸುತ್ತಿಗೂ ಒಂದು ಲಕೋಟೆ ಮಾಡುವುದು ನನಗೆ ಗೊತ್ತಿರುವ ಅತಿ ಸುಲಭ ದಾರಿ. ಅದರೊಳಗೆ ಆ ದಿನದ ಪೂಲ್ ಪಟ್ಟಿ, ಆಯ್ಕೆಯ ಪಟ್ಟಿ, ಪ್ರತಿ ಡ್ರೈವರ್‌ಗೆ ಹೇಳಿದ ಮತ್ತು ಅವನು ತಲುಪಿದ ಸಮಯ, ಟೆಸ್ಟ್ ಫಾರಂನ ಕಂಪನಿ ಪ್ರತಿ, ಫಲಿತಾಂಶ, ಬದಲಿ ಹೆಸರು ತೆಗೆದುಕೊಂಡಿದ್ದರೆ ಅದರ ಕಾರಣ. ಆಡಿಟರ್ ಕೇಳುವುದೂ ಹೆಚ್ಚೂಕಡಿಮೆ ಇದೇ ಕ್ರಮದಲ್ಲಿ. ಎಫ್‌ಎಂಸಿಎಸ್‌ಎ ವಾರ್ಷಿಕ ವರದಿ ಕೇಳಿ ಪತ್ರ ಕಳಿಸಿದರೆ ಹಿಂದಿನ ವರ್ಷದ್ದನ್ನು ಮಾರ್ಚ್ 15ರೊಳಗೆ ಕೊಡಬೇಕು. ನಾಲ್ಕು ಲಕೋಟೆ ತುಂಬಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅದು.